ಆಲದೊಡ್ಡಿಯೋ, ಹಾಲದೊಡ್ಡಿಯೋ

ನಮ್ಮ ಕಡೆ ‘ಹ’ ಅನ್ನುವ ಅಕ್ಷರ ಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಹಾಲು ನಮಗೆ ಆಲು, ಹಬ್ಬ ಅಬ್ಬ, ಹುಡುಗಿ ಉಡ್ಗಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ನಿಂತು ಕಿವಿಗೊಟ್ಟರೂ ಅಷ್ಟೆ. ಇದರಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕಂಡಿರಲಿಲ್ಲ. ಆದರೆ ಒಂದು ಸಲ ಆ ಒಂದು ಅಕ್ಷರ ನನ್ನ ಕೆಲಸಕ್ಕೇ ಸಂಚಕಾರ ತಂದಿತ್ತು. ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ನಗು ಬಂದಿರಲಿಲ್ಲ.

ನನ್ನ ತವರು ಮಾಗಡಿ. ಅಲ್ಲಿ ನಮಗೆ ಕನ್ನಡ ಹೇಳಿಕೊಟ್ಟ ಮೇಷ್ಟರು ಹಕಾರ ನುಂಗಿದವರ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಿಡುತ್ತಿದ್ದರು. ಆ ಏಟಿನ ಭಯಕ್ಕೆ ನಾನು ಬೇಕಾದ ಕಡೆಗೂ ಹ ಹಾಕಿದೆ, ಬೇಡದ ಕಡೆಗೂ ಹಾಕಿದೆ. ಏಳನೇ ಕ್ಲಾಸಿನ ಪ್ರಬಂಧದಲ್ಲಿ ‘ಹಾಕಾಶದಲ್ಲಿ ಮೋಡಗಳು’ ಎಂದು ಬರೆದು ಇಡೀ ಕ್ಲಾಸಿನ ಮುಂದೆ ಮರ್ಯಾದೆ ಕಳೆದುಕೊಂಡವಳು ನಾನು. ಆದರೂ ಚಾಳಿ ಹೋಗಲಿಲ್ಲ. ಮದುವೆಯಾಗಿ ರಾಮನಗರ ತಾಲ್ಲೂಕಿನ ಕೈಲಾಂಚ ಕಡೆಯ ಒಂದು ಸಣ್ಣ ಊರಿಗೆ ಬಂದಾಗ ಎಲ್ಲರೂ ಅದನ್ನು ಆಲದೊಡ್ಡಿ ಎನ್ನುತ್ತಿದ್ದರು. ಹಾಲನ್ನೇ ಆಲು ಅನ್ನುವ ಜನ ಇವರು, ಹಾಗಾದರೆ ಇದು ಹಾಲದೊಡ್ಡಿಯೇ ಇರಬೇಕು ಎಂದು ನಾನು ಮನಸ್ಸಿನಲ್ಲೇ ತಿದ್ದಿಕೊಂಡೆ. ಮನೆಮನೆಗೂ ಹಾಲು ಕರೆಯುವ ಹಸುಗಳಿದ್ದವು, ಊರಿಗೊಂದು ಡೈರಿ ಇತ್ತು. ಇನ್ನೇನು ಬೇಕು ಸಾಕ್ಷಿ?

ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲಿ ಮಾವ, ನಮ್ಮ ಯಜಮಾನರು, ನಾನು, ಮೂರೇ ಜನ. ರೇಷ್ಮೆ ಹುಳು ಸಾಕುವ ಮನೆ. ಮೂರು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುವುದರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಅನ್ನುವುದು ನನಗೇ ಮರೆತುಹೋಗಿತ್ತು. ಆ ಹೊತ್ತಿಗೆ ಬಿಡದಿಯ ಕಾರು ಫ್ಯಾಕ್ಟರಿಯ ಸುತ್ತಮುತ್ತ ಸಣ್ಣಪುಟ್ಟ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಅಂಥ ಒಂದರಲ್ಲಿ ನನಗೆ ಕೆಲಸ ಸಿಕ್ಕಿತು. ಕಾರಿನೊಳಗೆ ಹೋಗುವ ವೈರುಗಳನ್ನು ಬಣ್ಣ ನೋಡಿ ಜೋಡಿಸಿ ಕಂತೆ ಕಟ್ಟುವ ಕೆಲಸ. ನೀಲಿ ಕೋಟು, ಕೊರಳಿಗೆ ಫೋಟೋ ಇರುವ ಕಾರ್ಡು. ಇಂಥವರ ಸೊಸೆ, ಇಂಥವರ ಹೆಂಡತಿ ಎಂದು ಏನೂ ಇಲ್ಲದೆ ಬರೀ ನನ್ನ ಹೆಸರಿದ್ದ ಮೊದಲ ವಸ್ತು ಅದು. ದಿನಕ್ಕೆ ಹತ್ತು ಸಲ ಅದನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾವ ಬೇಡ ಅನ್ನಲಿಲ್ಲ. ಒಂದು ಷರತ್ತು ಹಾಕಿದರು.

“ದೀಪ ಅಚ್ಚೋ ಒತ್ಗೆ ಮನೇಲಿರು. ಅಷ್ಟಾದ್ರೆ ಓಗು. ಇಲ್ದಿದ್ರೆ ಬ್ಯಾಡ ಕನವ್ವ.”

ಮೊದಲ ನಾಲ್ಕು ತಿಂಗಳು ಏನೂ ತಾಪತ್ರಯವಿರಲಿಲ್ಲ. ಫ್ಯಾಕ್ಟರಿ ಬಸ್ಸು ಬೆಳಿಗ್ಗೆ ನಮ್ಮೂರಿನ ತಿರುವಿನಲ್ಲಿ ಹತ್ತಿಸಿಕೊಳ್ಳುತ್ತಿತ್ತು, ಸಂಜೆ ಅಲ್ಲೇ ಇಳಿಸುತ್ತಿತ್ತು. ಆ ತಿರುವಿಗೆ ನಾವು ಗೇಟು ಅನ್ನುತ್ತೇವೆ, ಗೇಟು ಗೀಟು ಏನೂ ಇಲ್ಲದಿದ್ದರೂ. ಆಮೇಲೆ ಬಸ್ಸಿನ ಕಾಂಟ್ರಾಕ್ಟು ಬೇರೆಯವರಿಗೆ ಹೋಯಿತು. ಬೆಳಗಿನ ಡ್ರೈವರು ರಾಮನಗರದವನೇ, ಕೈ ಅಡ್ಡ ಹಾಕಿದರೆ ನಿಲ್ಲಿಸುತ್ತಿದ್ದ. ಸಂಜೆಯವನು ಮಾತ್ರ ಹಾವೇರಿ ಕಡೆಯಿಂದ ಬಂದ ಹೊಸಬ. ದಾರಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಮೊದಲ ದಿನ ಯಾರೋ ಕೂಗಿದರೆಂದು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ, ಬಸ್ಸು ತಡವಾಗಿ, ಮೇಲಿನವರಿಂದ ಉಗಿಸಿಕೊಂಡಿದ್ದ. ಅವತ್ತಿನಿಂದ ಪಟ್ಟಿಯಲ್ಲಿ ಇರುವ ಸ್ಟಾಪು, ಅಲ್ಲಿ ಅದೇ ಹೆಸರಿನ ಬೋರ್ಡು, ಎರಡೂ ಕಂಡರೆ ಮಾತ್ರ ಬ್ರೇಕು. ನಮ್ಮ ಗೇಟಿನಲ್ಲಿ ಯಾವ ಬೋರ್ಡೂ ಇರಲಿಲ್ಲ. ಒಂದೂವರೆ ಮೈಲಿ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯಬೇಕಾಯಿತು.

ಒಂದು ವಾರ ಯಜಮಾನರು ಮೊಪೆಡ್ ತಂದು ಕರೆದುಕೊಂಡು ಹೋದರು. ಅಷ್ಟರಲ್ಲಿ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕೊನೆಯ ಸಲ ಎದ್ದ ಹುಳು ಸೊಪ್ಪನ್ನು ರಾಕ್ಷಸರ ಹಾಗೆ ತಿನ್ನುತ್ತದೆ, ಸಂಜೆ ಹೊತ್ತು ಮನೆಬಿಟ್ಟು ಒಂದು ಹೆಜ್ಜೆ ಹೋಗುವಂತಿಲ್ಲ. ಮೂರು ದಿನ ನಾನೊಬ್ಬಳೇ ಕತ್ತಲಲ್ಲಿ ನಡೆದು ಬಂದೆ. ನಾಲ್ಕನೇ ದಿನ ಮಾವ ಜಗುಲಿ ಮೇಲೆ ಕೂತವರು ನನ್ನನ್ನು ನೋಡಿದವರೇ ಎದ್ದು ಒಳಗೆ ಹೋದರು. ಅವರು ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಬಸ್ಸಿನ ಉಸ್ತುವಾರಿ ನೋಡುವ ಸೂಪರ್‌ವೈಸರ್ ಹತ್ತಿರ ಹೋಗಿ ಗೋಗರೆದೆ. ಆತ ಕೆಟ್ಟವನಲ್ಲ. ಪಟ್ಟಿಗೆ ಸೇರಿಸುತ್ತೇನೆ, ಹೆಸರು ಬರೆದುಕೊಡು, ಬೋರ್ಡು ಮಾತ್ರ ನಿಮ್ಮ ಊರವರೇ ಹಾಕಿಕೊಳ್ಳಬೇಕು, ಸೋಮವಾರದಿಂದ ನಿಲ್ಲುತ್ತದೆ ಎಂದ. ನಾನು ಜಂಬದಿಂದ, ಒಳ್ಳೆಯ ಅಕ್ಷರದಲ್ಲಿ, ‘ಹಾಲದೊಡ್ಡಿ ಗೇಟ್’ ಎಂದು ಬರೆದುಕೊಟ್ಟೆ. ಅದು ಟೈಪಾಗಿ, ಸಹಿಯಾಗಿ, ಡ್ರೈವರನ ಕೈಗೂ ಹೋಯಿತು.

ಊರವರು ಅಂದರೆ ಯಾರು? ನಾವೇ. ಶನಿವಾರ ಸಂಜೆ ಮಾವ ಅಟ್ಟದಿಂದ ಹಲಸಿನ ಮರದ ಒಂದು ಹಲಗೆ ಇಳಿಸಿದರು. ಹಳೆಯ ದನದ ಕೊಟ್ಟಿಗೆಯ ಬಾಗಿಲಾಗಿದ್ದದ್ದು. ತೋಪಡ ಹಿಡಿದು ಅದರ ಎರಡೂ ಮೈ ಹೆರೆದು, ಅಂಗೈ ಆಡಿಸಿ ನೋಡಿ, ಮತ್ತೆ ಹೆರೆದರು. ಒಳಗಿನ ಹಳದಿ ಮರ ಹೊರಬಂದಾಗ ಬಣ್ಣ ಬಳಿಯುವುದೇ ಬೇಡ ಅನಿಸುವಷ್ಟು ಚೆನ್ನಾಗಿತ್ತು. ಸೊಸೆಯ ನೌಕರಿ ಇಷ್ಟವಿಲ್ಲದ ಮನುಷ್ಯ ಹಲಗೆಗೆ ಇಷ್ಟು ಮುತುವರ್ಜಿ ಮಾಡುವುದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ನಾನು ಸೀಮೆಸುಣ್ಣ ತಗೊಂಡು ಮೊದಲ ಅಕ್ಷರ ಗೀಚುವ ತನಕ ಇತ್ತು.

“ಇದು ‘ಆ’ ಅಲ್ವಲ್ಲ, ಅದೇನ್ ಬರೀತೀಯ?” ಎಂದರು ಮಾವ. ನಮ್ಮೂರು ಆಲದೊಡ್ಡಿ, ಆಲದ ಮರದ ಊರು, ನಾನು ಹುಟ್ಟಿದಾಗಿಂದ ಅದೇ ಎಂದರು. ಆಲದ ಮರ ಎಲ್ಲಿದೆ ಎಂದು ಕೇಳಿದೆ. ಇತ್ತಂತೆ, ಅವರಪ್ಪನ ಕಾಲದಲ್ಲಿ. ಹಾಲು ಈಗಲೂ ಇದೆಯಲ್ಲ ಎಂದೆ. ನೀನು ಎಲ್ಲಕ್ಕೂ ಹ ಹಾಕುವವಳು, ಮೊನ್ನೆ ಆಸ್ಪತ್ರೆಗೂ ಹಾಕಿದೆ ಎಂದರು. ಅದು ನಿಜವೇ, ಆದ್ದರಿಂದ ಇನ್ನೂ ಸಿಟ್ಟು ಬಂತು.

ಯಜಮಾನರು ಪೆಟ್ಟಿಗೆಯಿಂದ ಕಾಗದಗಳನ್ನೆಲ್ಲ ತಂದು ಹರಡಿದರು. ರೇಷನ್ ಕಾರ್ಡಿನಲ್ಲಿ ಆಲದೊಡ್ಡಿ. ಡೈರಿಯ ಪಾಸ್‌ಬುಕ್ಕಿನಲ್ಲಿ ಹಾಲದೊಡ್ಡಿ. ಓಟಿನ ಚೀಟಿಯಲ್ಲಿ ಅಲದೊಡ್ಡಿ, ದೀರ್ಘವೂ ಇಲ್ಲ. ಒಂದು ಮದುವೆ ಕಾಗದದಲ್ಲಿ ಹಳದೊಡ್ಡಿ ಎಂದು ಅಚ್ಚಾಗಿತ್ತು. ಇಡೀ ಊರು ಹಕಾರ ನುಂಗಿಕೊಂಡು ಬಂದಿದ್ದರಿಂದ, ನಮ್ಮೂರ ಹೆಸರಿಗೆ ಮೊದಲಿಂದ ಹ ಇತ್ತೋ ಇಲ್ಲವೋ ಹೇಳುವವರು ಒಬ್ಬರೂ ಉಳಿದಿರಲಿಲ್ಲ. ಬರೆದುಕೊಂಡ ಗುಮಾಸ್ತರೆಲ್ಲ ಅವರವರಿಗೆ ಕೇಳಿಸಿದ್ದನ್ನು ಬರೆದಿದ್ದರು. ನಾನು ಪಟ್ಟಿಯಲ್ಲಿ ಹ ಬರೆದುಕೊಟ್ಟಾಗಿದೆ, ಈಗ ಅದೇ ಇರಬೇಕು ಎಂದು ಹಟ ಹಿಡಿದೆ. ಮಾವ ತೋಪಡವನ್ನು ಕೆಳಗಿಟ್ಟು, ಹಾಗಾದರೆ ಹಲಗೆಯನ್ನು ಒಲೆಗೆ ಹಾಕು ಎಂದುಬಿಟ್ಟರು.

ಮಾರನೇ ಬೆಳಿಗ್ಗೆ ರಾಜಿ ಮಾಡಿಸಿದವರು ಯಜಮಾನರು. ಹಲಗೆಗೆ ಎರಡು ಮುಖ ಇದೆ, ಬಸ್ಸೂ ಎರಡು ಕಡೆಯಿಂದ ಬರುತ್ತದೆ. ಒಂದು ಮುಖಕ್ಕೆ ಅಪ್ಪನದು, ಇನ್ನೊಂದಕ್ಕೆ ನಿನ್ನದು. ಬೆಳಿಗ್ಗೆ ನೀನೇ ನಿಂತು ಕೈ ಅಡ್ಡ ಹಾಕುತ್ತೀಯ, ಆಗ ಬೋರ್ಡು ಯಾರು ಓದುತ್ತಾರೆ? ಸಂಜೆ ರಾಮನಗರ ಕಡೆಯಿಂದ ಬರುವಾಗ ಕಾಣುವ ಮುಖದಲ್ಲಿ ಹಾಲದೊಡ್ಡಿ ಇದ್ದರೆ ಸಾಕು. ಅಪ್ಪ ಮಗ ನಾನು ಮೂವರೂ ಒಪ್ಪಿದೆವು. ಇಂಥ ಬುದ್ಧಿವಂತನನ್ನು ಕಟ್ಟಿಕೊಂಡೆನಲ್ಲ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು.

ಬಣ್ಣದ ವಾಸನೆ ಹುಳುವಿಗೆ ಆಗದು, ಸೊಪ್ಪು ಮುಟ್ಟುವುದನ್ನೇ ಬಿಟ್ಟುಬಿಡುತ್ತವೆ. ಅದಕ್ಕೆ ಹಲಗೆಯನ್ನು ಮನೆಯಿಂದ ದೂರ, ಬಣವೆಯ ಮರೆಗೆ ಒಯ್ದೆವು. ಹಿಂದಿನ ಸಂಕ್ರಾಂತಿಯಲ್ಲಿ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣದ ಡಬ್ಬಿ ಇತ್ತು. ಮೇಲೆ ಕೆನೆಕಟ್ಟಿತ್ತು. ಕಡ್ಡಿಯಿಂದ ಕೆನೆ ತೆಗೆದು ಸೀಮೆಎಣ್ಣೆ ಬೆರೆಸಿ ಕಲಕಿದೆ. ಬೋರ್ಡು ಬರೆಯುವುದು ನನಗೇನು ಗೊತ್ತು? ರಂಗೋಲಿ ಗೊತ್ತು. ಹಲಗೆಯ ತುಂಬ ಸೀಮೆಸುಣ್ಣದಲ್ಲಿ ಸಾಲಾಗಿ ಚುಕ್ಕಿ ಇಟ್ಟೆ, ಒಂದು ಅಕ್ಷರಕ್ಕೆ ಐದು ಚುಕ್ಕಿ ಅಗಲ, ಏಳು ಚುಕ್ಕಿ ಎತ್ತರ. ಕನ್ನಡದ ಅಕ್ಷರ ಮುಕ್ಕಾಲುಪಾಲು ಗುಂಡಗೇ ಇರುವುದರಿಂದ ಕೈಬಳೆ ಬಿಚ್ಚಿ ಚುಕ್ಕಿಗಳ ಮೇಲಿಟ್ಟು ಸುತ್ತ ಗೆರೆ ಎಳೆದೆ. ಲ ಎಂದರೆ ಎರಡು ಬಳೆ ಮೈಗೆ ಮೈ ತಾಗಿಸಿದ ಹಾಗೆ. ದ ಎಂದರೆ ಮೇಲೆ ಬಾಯಿ ತೆರೆದ ಒಂದೇ ಬಳೆ. ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಮೊದಲು ಹಲಗೆಯಲ್ಲಿ ಅವರ ಪಾಲಿನ ಮುಖವನ್ನೇ ಬರೆದೆ, ಮರ್ಯಾದೆಗೆ. ‘ಆ’ ಬರೆದು ಮುಗಿಸಿದಾಗ ಅವರು ಬೆರಳನ್ನು ಗಾಳಿಯಲ್ಲಿ ಆಡಿಸಿ ಅದನ್ನು ಇನ್ನೊಂದು ಸಲ ಬರೆದರು. ನನಗೆ ಅದರ ಅರ್ಥ ಆಗಲಿಲ್ಲ.

ದೊಡ್ಡಿಯ ಹತ್ತಿರ ಬಂದಾಗ ಕೆಳಗಿನ ಒತ್ತಕ್ಷರಕ್ಕೆ ಜಾಗವೇ ಬಿಟ್ಟಿಲ್ಲ ಎಂದು ಗೊತ್ತಾಯಿತು. ಆ ಒತ್ತು ಡ ಹಲಗೆಯ ಅಂಚಿನಲ್ಲಿ ಕಾಲು ಮಡಚಿ ಕೂತಿದೆ. ಇನ್ನೊಂದು ಮುಖದಲ್ಲಿ ಬುದ್ಧಿ ಬಂದಿತ್ತು, ಜಾಗ ಬಿಟ್ಟೆ. ಎರಡು ಮುಖವೂ ಒಣಗುವಷ್ಟರಲ್ಲಿ ಭಾನುವಾರ ಮುಗಿಯಿತು. ಕಂಬ ನೆಡುವ ಕೆಲಸವನ್ನು ಮಾವ ಸೋಮವಾರ ಮಾಡುತ್ತೇನೆ ಎಂದರು. ನನ್ನದು ರಾಮನಗರದ ಕಡೆಗೆ ಇರಬೇಕು ಎಂದು ನಾನು ಹೊರಡುವಾಗ ಹೇಳಿದ್ದೆನೋ ಇಲ್ಲವೋ, ಇವತ್ತಿಗೂ ನೆನಪಿಲ್ಲ. ಮೂವರಿಗೂ ಗೊತ್ತಿದ್ದ ಮಾತು, ಮತ್ತೆ ಹೇಳುವುದೇನು ಅಂದುಕೊಂಡಿರಬೇಕು.

ಸೋಮವಾರ ಸಂಜೆ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿದು ಕೂತಿದ್ದೆ. ತಿರುವು ಬಂತು, ಹಲಗೆಯೂ ಕಂಡಿತು, ನೀಲಿ ಅಕ್ಷರ ದೂರದಿಂದಲೇ ಎದ್ದು ಕಾಣುತ್ತಿತ್ತು. ಅಬ್ಬ ಎಂದುಕೊಂಡು ಬ್ಯಾಗು ಎತ್ತಿಕೊಂಡೆ. ಹತ್ತಿರ ಬಂದಾಗ ನೋಡುತ್ತೇನೆ, ಅಂಚಿನಲ್ಲಿ ಕಾಲು ಮಡಚಿ ಕೂತ ಒತ್ತು ಡ! ಮಾವನ ಮುಖ. ಆಲದೊಡ್ಡಿ ಗೇಟ್. ಡ್ರೈವರು ಬೋರ್ಡು ನೋಡಿದ, ಪಕ್ಕದಲ್ಲಿದ್ದ ಪಟ್ಟಿ ನೋಡಿದ, ಗೇರು ಬದಲಿಸಿ ಮುಂದಕ್ಕೆ ಹೋದ. ನಾನು ಎದ್ದು ಕೂಗಿಕೊಂಡೆ. ಆತ ಮುಂದಿನ ಸ್ಟಾಪಿನಲ್ಲೇ ನಿಲ್ಲಿಸಿದ್ದು.

“ನಿಮ್ಮದು ಹಾಲದೊಡ್ಡಿ ಅಲ್ರೀ ಅಕ್ಕಾರ? ಅಲ್ಲಿ ಆಲದೊಡ್ಡಿ ಅಂತ ಬರದದ,” ಎಂದ. ಎರಡೂ ಒಂದೇ ಎಂದೆ. ಒಂದೇ ಹೆಂಗ ಆಗತಾವ್ರಿ ಎಂದು ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ. ಅವನ ಊರಿನ ಹೆಸರಿನಲ್ಲೇ ಹ ಇದೆ, ಅದನ್ನವನು ಎದೆಯಿಂದ ಹೇಳುವವನು. ಅವನಿಗೆ ಇದನ್ನು ಹೇಗೆ ಬಿಡಿಸಿ ಹೇಳಲಿ?

ಆ ಒಂದೂವರೆ ಮೈಲಿ ಕಣ್ಣೀರು ಒರೆಸಿಕೊಳ್ಳುತ್ತಲೇ ನಡೆದೆ. ನನ್ನ ಕೈಯಲ್ಲೇ, ನನ್ನ ಬಳೆಯಲ್ಲೇ ಬರೆದ ಅಕ್ಷರ ನನ್ನನ್ನು ಇಳಿಸದೆ ಕಳಿಸಿತಲ್ಲ! ಮನೆಗೆ ಬಂದು ಟಿಫನ್ ಡಬ್ಬಿಯನ್ನು ನೆಲಕ್ಕೆ ಕುಕ್ಕಿದೆ. ಅದುವರೆಗೆ ಮಾವನ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತು ಬಾಯಿಗೆ ಬಂದದ್ದೆಲ್ಲ ಆಡಿದೆ. ಬೇಕಂತಲೇ ಮಾಡಿದಿರಿ, ನಾನು ಕೆಲಸ ಬಿಡಲಿ ಅಂತಲೇ ಹಾಗೆ ನೆಟ್ಟಿರಿ, ನಾಳೆ ಹೋಗಿ ಕಾರ್ಡು ಕೊಟ್ಟು ಬರುತ್ತೇನೆ, ನಿಮ್ಮ ‘ಆ’ ಇಟ್ಟುಕೊಂಡು ನೀವೇ ಸುಖವಾಗಿರಿ ಎಂದೆ.

ಮಾವ ಡಬ್ಬಿ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು, ನನ್ನ ಕಡೆ ನೋಡದೆ. ಅವರು ಶಾಲೆಯ ಮುಖ ಕಂಡವರಲ್ಲ. ನಡುವಯಸ್ಸಿನಲ್ಲಿ ರಾತ್ರಿ ಶಾಲೆಯಲ್ಲಿ ಕಲಿತದ್ದು ಸಹಿ ಒಂದೇ. ಊರ ಹೆಸರಿನ ಮೊದಲಕ್ಷರ ‘ಆ’, ಚುಕ್ಕಿ, ಆಮೇಲೆ ತಮ್ಮ ಹೆಸರು. ಜಮೀನಿನ ಪ್ರತಿ ಕಾಗದಕ್ಕೂ ಆ ಸಹಿಯೇ ಬಿದ್ದಿದೆ. ಆಚೆ ಊರುಗಳ ಹೊಲಗಳನ್ನು ಫ್ಯಾಕ್ಟರಿಗೆ ತೆಗೆದುಕೊಳ್ಳುವ ನೋಟೀಸು ಬರುತ್ತಿರುವ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಸಾಹೇಬರ ಜೀಪು ಬರುವುದು ರಾಮನಗರದಿಂದ. ಬಂದವರು ರಸ್ತೆಯಲ್ಲಿ ಹಾಲದೊಡ್ಡಿ ಎಂದು ಓದಿ, ಕಾಗದದಲ್ಲಿ ‘ಆ’ ನೋಡಿದರೆ?

“ನನ್ ರುಜು ಸುಳ್ಳು ಅಂದ್ಬುಟ್ರೆ ಏನ್ ಮಾಡ್ಲಿ? ನಂಗೆ ಇನ್ನೊಂದು ಅಕ್ಸರ ಬರಾಕಿಲ್ಲ.”

ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಗಬೇಕಿತ್ತು. ಇಳಿಯಲಿಲ್ಲ. ಪಾಪ ಅನಿಸಿತು, ಸಿಟ್ಟೂ ಹಾಗೇ ಇತ್ತು. ಹಲಗೆಯನ್ನು ತಿರುಗಿಸಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಿರುಗಿಸುತ್ತೇನೆ ಎಂದು ಅವರೂ ಹೇಳಲಿಲ್ಲ. ಯಜಮಾನರು ಹುಳುಗಳಿಗೆ ಸೊಪ್ಪು ಹಾಕುತ್ತಾ ಇಬ್ಬರ ಮುಖವನ್ನೂ ನೋಡಿ ತಲೆ ತಗ್ಗಿಸಿದರು.

ಮಂಗಳವಾರ ಬೆಳಿಗ್ಗೆ ಮಾವ ಏಳುವ ಮೊದಲೇ ಹೊರಟೆ. ಕೆಲಸ ಬಿಡುತ್ತೇನೆಂದು ಬರೆದ ಕಾಗದ ಬ್ಯಾಗಿನಲ್ಲಿತ್ತು. ಇಡೀ ದಿನ ಕೆಂಪು ವೈರು ಹಿಡಿಯುವ ಕಡೆ ಹಳದಿ ಹಿಡಿದು ಬೈಸಿಕೊಂಡೆ. ಊಟದ ಹೊತ್ತಿಗೆ ಕಾಗದ ಕೊಡಬೇಕೆಂದು ಎದ್ದವಳು ಕೊರಳಿನ ಕಾರ್ಡು ಮುಟ್ಟಿಕೊಂಡು ಹಾಗೇ ಕೂತೆ. ಸಂಜೆ ಕೊಟ್ಟರಾಯಿತು ಎಂದುಕೊಂಡೆ, ಸಂಜೆಯೂ ಕೊಡಲಿಲ್ಲ. ನಾಳೆ ಕೊಟ್ಟರಾಯಿತು ಎಂದು ಬಸ್ಸು ಹತ್ತಿದೆ.

ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಕೂರಲಿಲ್ಲ. ಆ ಹಲಗೆಯನ್ನು ನೋಡಿಕೊಂಡು ದಾಟಿಹೋಗುವ ಶಕ್ತಿ ನನಗಿರಲಿಲ್ಲ. ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಬಸ್ಸು ನಿಧಾನವಾಯಿತು. ಎಮ್ಮೆಗಳು ಅಡ್ಡ ಬಂದಿರಬೇಕು ಅಂದುಕೊಂಡೆ. ಪೂರ್ತಿ ನಿಂತಿತು.

“ಹಾಲದೊಡ್ಡಿ!” ಎಂದ ಡ್ರೈವರು, ಹಕಾರದ ಮೇಲೆ ಅಷ್ಟೂ ಉಸಿರು ಹಾಕಿ. “ಇಳೀರಿ ಅಕ್ಕಾರ, ಬೋರ್ಡು ಬಂತಲ್ಲ.”

ಪಕ್ಕದವಳು ತಿವಿದ ಮೇಲೆ ಎದ್ದೆ. ಇಳಿದು ನೋಡಿದರೆ ಕಂಬದ ಬುಡದಲ್ಲಿ ಹಸಿ ಮಣ್ಣು, ಕಲ್ಲು ಬಡಿದು ಗಟ್ಟಿ ಮಾಡಿದ ಗುರುತು. ಮಾವ ಹಾರೆ ಊರಿಕೊಂಡು ನಿಂತಿದ್ದರು. ಮೊಣಕೈ ತನಕ ಮಣ್ಣು, ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ನಿನ್ನೆ ತಾವೇ ಜಲ್ಲಿ ಹಾಕಿ ಭದ್ರವಾಗಿ ನೆಟ್ಟ ಕಂಬವನ್ನು ಇವತ್ತು ಒಬ್ಬರೇ ಕಿತ್ತು, ತಿರುಗಿಸಿ, ಮತ್ತೆ ನೆಟ್ಟಿದ್ದರು. ಬಸ್ಸು ಮುಂದಕ್ಕೆ ಹೋಯಿತು. ಇನ್ನೂ ಬೆಳಕಿತ್ತು. ಊರಿನಲ್ಲಿ ಯಾರ ಮನೆಯಲ್ಲೂ ದೀಪ ಹಚ್ಚಿರಲಿಲ್ಲ.

ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ಅದು ಏನೆಂದು ನನಗೆ ಅವತ್ತು ಆ ರಸ್ತೆ ಬದಿಯಲ್ಲಿ ಗೊತ್ತಾಯಿತು. ಅಳು ಬಂತು, ಅಳುತ್ತಲೇ ನಗುವೂ ಬಂತು. ಆದರೆ ಅವರ ಸಹಿಯ ಮಾತು ನೆನಪಾಗಿ, ಸಾಹೇಬರು ಬಂದರೆ ಏನು ಮಾಡುತ್ತೀರಿ ಮಾವ ಎಂದು ಕೇಳಿದೆ.

“ಬಂದಾಗ ನೋಡ್ಕಂಡ್ರಾಯ್ತು,” ಎಂದರು. ಕೈಯ ಮಣ್ಣನ್ನು ಉದುರಿಸಿಕೊಂಡು ಹಾರೆಯನ್ನು ಹೆಗಲಿಗೆ ಏರಿಸಿದರು. ನಾಲ್ಕು ಹೆಜ್ಜೆ ನಡೆದು ನಿಂತರು.

“ನಾಳಿಕ್ ಬೆಳಿಗ್ಗೆ ಎಷ್ಟೊತ್ಗವ್ವ ಬಸ್ಸು?”

“ಆರೂಕಾಲಿಗೆ ಮಾವ,” ಎಂದೆ.